ಹಾಡಿದವರ ಹೆಸರೇನು?

ಕಳೆದ ಮಳೆಗಾಲದ ಒಂದು ರಾತ್ರಿ ಹೊಸೂರಿನ ಒಂದು ಬೇಕರಿಯಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದೆ. ವ್ಯಾಪಾರ ಮುಗಿದು ಶಟರ್ ಅರ್ಧ ಇಳಿಸಿಯಾಗಿತ್ತು. ಅಲ್ಲಿ ಕೆಲಸಕ್ಕಿರುವ ಇಬ್ಬರು ಹುಡುಗರು ನಮ್ಮ ಕಡೆಯವರು, ಘಟ್ಟ ಹತ್ತಿ ಬಂದವರು. ಅವರ ಜೊತೆಗಿದ್ದ ಮೂರನೆಯವನು ಹೊಸೂರಿನಲ್ಲೇ ಹುಟ್ಟಿದವನು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಮಾತಾಡಿ ದೊಡ್ಡವನಾದವನು. ಮೊದಲಿನ ಇಬ್ಬರೂ ಊರಿನ ಮದ್ರಸದ ದಫ್ ತಂಡದಲ್ಲಿ ಬಾರಿಸಿದವರು. ಮೂರನೆಯವನ ಹತ್ತಿರ ಒಂದು ಹಳೆಯ ಕೀಬೋರ್ಡ್ ಇತ್ತು.

“ಇಚ್ಚಾ, ನಾವೊಂದು ಬ್ಯಾಂಡ್ ಮಾಡುವ ಅಂತ ಉಂಟು,” ಎಂದ ಒಬ್ಬ. “ಬ್ಯಾರಿ ಹಾಡಿನ ಬ್ಯಾಂಡ್. ಮಾಡ್ಲಿಕ್ಕೆ ದೊಡ್ಡ ಕಷ್ಟ ಇಲ್ಲ. ಮಾಡಿದ ಮೇಲೆ ಕೇಳುದು ಯಾರು?”

ಗಿಟಾರ್, ಕೀಬೋರ್ಡ್ ಸೇರಿಸಬಹುದೋ ಬಾರದೋ ಎಂಬ ಪ್ರಶ್ನೆಯನ್ನೂ ಅವರು ಕೇಳಿದರು. ಅದನ್ನು ಮನೆಯ ಹಿರಿಯರ ಹತ್ತಿರ, ಉಸ್ತಾದರ ಹತ್ತಿರ ಕೇಳಿ ಎಂದೆ. ಅದು ನಾನು ಉತ್ತರಿಸುವ ಪ್ರಶ್ನೆಯಲ್ಲ. ಆದರೆ “ಕೇಳುದು ಯಾರು” ಎಂಬ ಮಾತು ನನ್ನನ್ನು ಬಿಡಲಿಲ್ಲ. ಚರಿತ್ರೆ ಓದುವ ಚಟ ಇರುವವನು ನಾನು. ಒಂದು ಹಾಡು ಹಾಡಿದವನ ಬಾಯಿಂದ ದೂರದವನ ಕಿವಿಗೆ ಹೋದದ್ದು ಹೇಗೆ ಎಂದು ಹಿಂದಕ್ಕೆ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಮನೆಯ ಮಕ್ಕಳು ಯಾರಾದರೂ ಇದೇ ಪ್ರಶ್ನೆ ಕೇಳಿದರೆ ಉಪಯೋಗಕ್ಕೆ ಬರಬಹುದು.

ಹೊಸೂರಿನ ಗಡಿಯಾರ, ಪರದೇಶದ ರಾಗ

ಹೊಸೂರಿನಿಂದಲೇ ಶುರು ಮಾಡುವ. ಈ ಊರಿನ ಹೆಸರಿನ ಜೊತೆ ಸೇರಿ ದೇಶವಿಡೀ ಕೇಳಿದ ರಾಗ ಒಂದಿದೆ. ಟೈಟಾನ್ ಗಡಿಯಾರದ ಜಾಹೀರಾತಿನ ರಾಗ. 1980ರ ದಶಕದ ಕೊನೆಯಲ್ಲಿ ಟಿವಿ ಇದ್ದ ಮನೆಯವರಿಗೆಲ್ಲ ಅದು ಬಾಯಿಪಾಠ. ಆ ಗಡಿಯಾರಗಳು ತಯಾರಾಗುತ್ತಿದ್ದದ್ದು ಹೊಸೂರಿನ ಕಾರ್ಖಾನೆಯಲ್ಲಿ. ರಾಗ ಮಾತ್ರ ಮೊಜಾರ್ಟ್‌ನದು, ಅವನ 25ನೆಯ ಸಿಂಫನಿಯದು. 1773ರಲ್ಲಿ ಆಸ್ಟ್ರಿಯದ ಸಾಲ್ಸ್‌ಬರ್ಗ್ ಊರಿನಲ್ಲಿ ಕೂತು ಅದನ್ನು ಬರೆದಾಗ ಅವನಿಗೆ 17 ವರ್ಷ. ನಮ್ಮ ಬೇಕರಿಯ ಹುಡುಗರಿಗಿಂತಲೂ ಚಿಕ್ಕವನು.

ಇನ್ನೂರು ವರ್ಷ ದಾಟಿದ ಮೇಲೆ, ಸಿಂಫನಿ ಎಂದರೇನೆಂದು ಗೊತ್ತಿಲ್ಲದ ನಮ್ಮ ಮನೆಗಳಿಗೆ ಆ ರಾಗ ಬಂತು. ಅದು ಒಳ್ಳೆಯ ರಾಗ, ನಿಜ. ಆದರೆ ಒಳ್ಳೆಯದು ಎಂಬ ಒಂದೇ ಕಾರಣಕ್ಕೆ ಬಂದದ್ದಲ್ಲ, ಒಂದು ಗಡಿಯಾರ ಅದನ್ನು ಹೊತ್ತು ತಂದಿತು. ನಾನು ಮುಂದೆ ಹೇಳುವ ಪ್ರತಿಯೊಂದು ಕಥೆಯಲ್ಲೂ ಹೀಗೊಬ್ಬ ಹೊರುವವನು ಇದ್ದಾನೆ. ಒಮ್ಮೆ ಸೈನ್ಯ, ಒಮ್ಮೆ ರಾಜ, ಒಮ್ಮೆ ಒಂದು ಯಂತ್ರ. ಹಾಡು ತಾನಾಗಿ ನಡೆದು ಹೋದದ್ದು ನನಗೆಲ್ಲೂ ಸಿಗಲಿಲ್ಲ.

ಹೊಸೂರಿಗೂ ನಮಗೂ ಇರುವ ನಂಟು

ಹೊಸೂರು ನಮಗೆ ಪರಊರು ಎಂದು ಅನಿಸುತ್ತದೆ. ಆದರೆ ಚರಿತ್ರೆಯಲ್ಲಿ ಈ ಊರಿಗೂ ಮಂಗಳೂರು, ಕಾಸರಗೋಡಿಗೂ ಹತ್ತಿರದ ನಂಟಿದೆ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರು ಬಾರಾಮಹಲನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ಕೃಷ್ಣಗಿರಿ ಅದರಲ್ಲಿ ಹೋಯಿತು. ಮೇಲಿನ ಬಾಲಾಘಾಟ್, ಅಂದರೆ ಹೊಸೂರಿನ ಸೀಮೆ, ಸುಲ್ತಾನರ ಕೈಯಲ್ಲೇ ಉಳಿಯಿತು. 1799ರಲ್ಲಿ ಅವರು ಶಹೀದರಾದ ಮೇಲೆ ಅದೂ ಕಂಪನಿಯ ಪಾಲಾಯಿತು. ಅದೇ ವರ್ಷ ನಮ್ಮ ಕೆನರಾ ಕೂಡ ಕಂಪನಿಯ ಕೈಗೆ ಹೋಯಿತು. ಬಾರಾಮಹಲಿನಲ್ಲಿ ಏಳು ವರ್ಷ ಕಂದಾಯದ ಕೆಲಸ ಕಲಿತ ಥಾಮಸ್ ಮನ್ರೋ ಎಂಬ ಅಧಿಕಾರಿಯನ್ನೇ 1799ರಲ್ಲಿ ಕೆನರಾಕ್ಕೆ ಕಲೆಕ್ಟರ್ ಮಾಡಿ ಕಳುಹಿಸಿದರು. ಕೃಷ್ಣಗಿರಿಯ ಹೊಲ ಅಳೆಸಿದವನೇ ನಮ್ಮ ಅಜ್ಜಂದಿರ ಗದ್ದೆಗೂ ತೀರ್ವೆ ಗೊತ್ತು ಮಾಡಲು ಬಂದ.

ಅಂದಿನಿಂದ ಮಂಗಳೂರು, ಕಾಸರಗೋಡು, ಹೊಸೂರು ಮೂರೂ ಮದರಾಸಿನ ಆಡಳಿತದಲ್ಲಿದ್ದವು. 1956ರ ನವೆಂಬರ್ 1ರಂದು ಮೂರೂ ಬೇರೆಯಾದವು. ಮಂಗಳೂರು ಮೈಸೂರು ರಾಜ್ಯಕ್ಕೆ ಬಂತು. ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸೂರು ಮದರಾಸಿನಲ್ಲೇ ಉಳಿಯಿತು. 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಆದಾಗ ಅದರೊಳಗೆ ಸೇರಿತು. ಗಡಿಯ ಆಚೆ ಉಳಿದವರ ಸಂಕಟ ಕಾಸರಗೋಡಿನ ನಮ್ಮ ಬಂಧುಗಳಿಗೆ ಗೊತ್ತು. ಹೊಸೂರಿನ ಕನ್ನಡದವರಿಗೂ ಅದು ಗೊತ್ತು. ಆದರೆ ಗಡಿಯಲ್ಲಿ ಲಾರಿಯನ್ನು ನಿಲ್ಲಿಸಬಹುದು, ಹಾಡನ್ನು ನಿಲ್ಲಿಸಲಿಕ್ಕಾಗುವುದಿಲ್ಲ. ಇಂದಿಗೂ ಇಲ್ಲಿನ ಒಂದೇ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ, ದಖನಿ ಉರ್ದು ನಾಲ್ಕೂ ಕೇಳುತ್ತವೆ.

ಬ್ಯಾಂಡ್ ಬಂದ ದಾರಿ

ಬ್ಯಾಂಡ್ ಎಂಬ ಮಾತು ಈ ಸೀಮೆಗೆ ಬಂದದ್ದು ಸೈನ್ಯದ ಹಿಂದೆ. 1809ರ ಹೊತ್ತಿಗೆ ಬೆಂಗಳೂರಿನಲ್ಲಿ ದಂಡು ನೆಲೆಯಾಯಿತು. ಹೊಸೂರಿನ ಮತ್ತಿಗಿರಿಯಲ್ಲಿ ಸೈನ್ಯಕ್ಕೆ ಕುದುರೆ ಸಾಕಲು 1824ರಲ್ಲಿ ದೊಡ್ಡ ಫಾರಂ ಮಾಡಿದರು. ಇಂದು ಅದು ಜಾನುವಾರು ಫಾರಂ. ದಂಡು ಇದ್ದಲ್ಲಿ ರೆಜಿಮೆಂಟಿನ ತುತ್ತೂರಿ, ಡೋಲು, ಕೊಳಲು ಇದ್ದೇ ಇದ್ದವು. ಅದನ್ನು ಕಂಡ ಊರಿನವರು ತಮ್ಮ ಮದುವೆಯ ಮೆರವಣಿಗೆಗೂ ಅಂಥದ್ದೇ ಬೇಕೆಂದರು. ಕ್ರಮೇಣ ದೇಶದ ಬಹುತೇಕ ಪಟ್ಟಣಗಳಲ್ಲಿ ಬ್ಯಾಂಡ್ ಸೆಟ್ಟುಗಳು ಹುಟ್ಟಿಕೊಂಡವು. ಅವುಗಳನ್ನು ನಡೆಸಿದವರಲ್ಲಿ, ಬಾರಿಸಿದವರಲ್ಲಿ ಮುಸ್ಲಿಮರು ಬಹಳ ಮಂದಿ. ಕೆಂಪು ಕೋಟು ತೊಟ್ಟು ಪರರ ಮದುವೆಯ ಮುಂದೆ ನಡೆದ ಆ ಬಡ ಕಲಾವಿದರ ಹೆಸರು ಯಾವ ಪುಸ್ತಕದಲ್ಲೂ ಬರಲಿಲ್ಲ. ಬೋರ್ಡಿನ ಮೇಲೆ ಇದ್ದದ್ದು ಮಾಲೀಕನ ಹೆಸರು ಮಾತ್ರ.

ಬ್ಯಾಂಡ್ ಕಟ್ಟಿದ ಕಥೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಮಧ್ಯಪ್ರದೇಶದ ಮೈಹರ್ ಊರಿನದು. 1918ರ ಸುಮಾರಿಗೆ ಸಾಂಕ್ರಾಮಿಕ ಜ್ವರ ಬಂದು ಅಲ್ಲಿ ಎಷ್ಟೋ ಮಕ್ಕಳು ತಬ್ಬಲಿಗಳಾದರು. ಆ ಸಂಸ್ಥಾನದಲ್ಲಿದ್ದ ಉಸ್ತಾದ್ ಅಲ್ಲಾವುದ್ದೀನ್ ಖಾನ್ ಅಂಥ ಮಕ್ಕಳನ್ನು ಸೇರಿಸಿ ಸಂಗೀತ ಕಲಿಸಿ ಒಂದು ಬ್ಯಾಂಡ್ ಕಟ್ಟಿದರು. ವಾದ್ಯ ಸಾಲದಿದ್ದಾಗ ಹಳೆಯ ಬಂದೂಕಿನ ನಳಿಗೆಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ನಳತರಂಗ ಎಂಬ ಹೊಸ ವಾದ್ಯವನ್ನೇ ಮಾಡಿದರು. ರವಿಶಂಕರ್, ಅಲಿ ಅಕ್ಬರ್ ಖಾನ್ ಅವರಂಥ ಶಿಷ್ಯರನ್ನು ತಯಾರು ಮಾಡಿದ ಉಸ್ತಾದರು ಅಕ್ಷರ ತಿಳಿಯದ ತಬ್ಬಲಿ ಮಕ್ಕಳನ್ನೂ ಎದುರು ಕೂರಿಸಿಕೊಂಡರು. ಆ ಬ್ಯಾಂಡ್ ಇಂದಿಗೂ ಮೈಹರಿನಲ್ಲಿದೆ.

ಈ ಕಥೆ ಹೇಳಿದಾಗ ಬೇಕರಿಯ ಹುಡುಗರಲ್ಲಿ ಒಬ್ಬ, “ಅವರಿಗೆ ರಾಜ ಇದ್ದ, ನಮಗೆ ಯಾರುಂಟು?” ಎಂದ. ಸರಿಯಾದ ಪ್ರಶ್ನೆ.

ಮೈಸೂರಿನ ಎರಡು ಕಥೆ

ರಾಜರ ಮಾತು ಬಂದಾಗ ನಮ್ಮ ಮೈಸೂರಿನ ಎರಡು ಸಂಗತಿ ಹೇಳಬೇಕು.

1902ರ ನವೆಂಬರಿನಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಹೋಟೆಲಿನ ಕೋಣೆಯೊಂದರಲ್ಲಿ ಧ್ವನಿಮುದ್ರಣ ಶುರು ಮಾಡಿದ. ಅಲ್ಲಿ ಹಾಡಿದವರಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಬಹುಬೇಗ ದೇಶಕ್ಕೇ ಪರಿಚಿತಳಾದಳು. ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ರಾತ್ರಿಯಿಡೀ ಹಾಡಬಲ್ಲವಳು ಇಡೀ ರಾಗವನ್ನು ಮೂರು ನಿಮಿಷದಲ್ಲಿ ಮುಗಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದಳು. ಆಗ ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಹಾಡಿದ್ದು ಯಾರೆಂದು ಗುರುತು ಸಿಗಲಿ ಎಂದು ಹೀಗೆ ಹೇಳಿಸುತ್ತಿದ್ದರು ಎನ್ನುತ್ತಾರೆ ಗ್ರಾಮೋಫೋನಿನ ಚರಿತ್ರೆ ಬರೆದವರು.

ಕೆಲಸದ ಅನುಕೂಲಕ್ಕೆ ಮಾಡಿದ ಆ ಏರ್ಪಾಡೇ ಅವಳನ್ನು ಉಳಿಸಿತು. ಕೊನೆಗಾಲದಲ್ಲಿ ಅವಳ ಕೈಯಲ್ಲಿ ಹಣ ಉಳಿದಿರಲಿಲ್ಲ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ಅರಮನೆಯ ಗಾಯಕಿಯಾಗಿ ನೇಮಿಸಿದರು. 1930ರ ಜನವರಿ 17ರಂದು ಅವಳು ಮೈಸೂರಿನಲ್ಲೇ ತೀರಿಕೊಂಡಳು. ಆದರೆ ಈಗಲೂ ಆ ತಟ್ಟೆ ಹಾಕಿದರೆ ಕೊನೆಯಲ್ಲಿ ಅವಳೇ ತನ್ನ ಹೆಸರು ಹೇಳುತ್ತಾಳೆ.

ಎರಡನೆಯದು ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರನ ಕಥೆ. ದೇಶ ಬಿಟ್ಟು ಬಂದು ಲಂಡನ್ನಿನಲ್ಲಿ ಕಷ್ಟದಲ್ಲಿದ್ದ, ಜನ ಮರೆತಿದ್ದ ಮುದುಕ. ಅವನ ಸಂಗೀತವನ್ನು ಬಹಳ ಮೆಚ್ಚುತ್ತಿದ್ದ ಜಯಚಾಮರಾಜ ಒಡೆಯರು ಅವನು ಬರೆದದ್ದನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟರು. ಅವನು ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ಅವನು ತೀರಿಹೋದ. ಅವನ ಕೈಯ ಸ್ವರ ಮಾತ್ರ ಉಳಿಯಿತು. ಮೈಸೂರಿನ ದುಡ್ಡಿನಿಂದ ಒಬ್ಬ ರಷ್ಯದವನು ಲೋಕಕ್ಕೆ ಕೇಳಿಸಿದ.

ಬಾಗಿಲು ಕಾಯುವವರು

ರಾಜರು ಹೋದ ಮೇಲೆ ಆ ಜಾಗಕ್ಕೆ ಬಂದದ್ದು ರೇಡಿಯೋ. ಕನ್ನಡ ನಾಡಿನಲ್ಲಿ ಅದನ್ನು ಶುರು ಮಾಡಿದ್ದು ಸರ್ಕಾರವಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಕೇಂದ್ರ ತೆರೆದು ‘ಆಕಾಶವಾಣಿ’ ಎಂದು ಕರೆದರು. ಮುಂದೆ ದೇಶದ ರೇಡಿಯೋಗೇ ಆ ಹೆಸರು ಬಂತು. 1955ರಲ್ಲಿ ಬೆಂಗಳೂರಿನ ಕೇಂದ್ರ ಶುರುವಾಯಿತು. ಹೊಸೂರಿಗೆ ಅಲ್ಲಿಂದ ಸುಮಾರು 40 ಕಿಲೋಮೀಟರ್. ಮರುವರ್ಷ ರಾಜ್ಯದ ಗಡಿ ಬಂತು. ಆದರೆ ರೇಡಿಯೋದ ಕನ್ನಡಕ್ಕೆ ಅತ್ತಿಬೆಲೆಯ ತಪಾಸಣೆ ಇರಲಿಲ್ಲ.

ರೇಡಿಯೋಗೆ ಬಾಗಿಲು ಕಾಯುವವರೂ ಇದ್ದರು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧ. ನಮ್ಮ ಸ್ವರ ಅದರಲ್ಲಿ ನುಡಿಯುವುದಿಲ್ಲ ಎಂಬ ಕಾರಣ ಕೊಟ್ಟರು. 1952ರಲ್ಲಿ ಮಂತ್ರಿ ಬಿ. ವಿ. ಕೇಸ್ಕರ್ ಸಿನಿಮಾ ಹಾಡುಗಳನ್ನೂ ಹೊರಗಿಟ್ಟರು. ಜನ ಸುಮ್ಮನಿರಲಿಲ್ಲ, ರೇಡಿಯೋದ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅಮೀನ್ ಸಯಾನಿಯವರ ಗೀತಮಾಲಾ ಕೇಳದ ಮನೆ ಅಪರೂಪವಾಯಿತು. ಕೊನೆಗೆ 1957ರಲ್ಲಿ ಸರ್ಕಾರವೇ ವಿವಿಧ ಭಾರತಿ ಶುರು ಮಾಡಿ ಸಿನಿಮಾ ಹಾಡಿಗೆ ಜಾಗ ಕೊಡಬೇಕಾಯಿತು. ಬಾಗಿಲು ಮುಚ್ಚಿದಾಗ ಕೇಳುಗರು ಬೇರೆ ದಾರಿ ಹುಡುಕುತ್ತಾರೆ. ಆದರೆ ಹಾಡು ಮೊದಲೇ ಅವರ ಮನಸ್ಸಿಗೆ ಹೋಗಿದ್ದರೆ ಮಾತ್ರ ಹುಡುಕುತ್ತಾರೆ.

ತಮಿಳುನಾಡಿನಲ್ಲಿ ಇನ್ನೊಂದು ದಾರಿಯೂ ಇತ್ತು. ನಾಗೂರಿನ ಇ. ಎಂ. ಹನೀಫಾ ಅವರನ್ನು ಜನ ‘ಇಸೈ ಮುರಸು’ ಎಂದು ಕರೆದರು. ಮುರಸು ಎಂದರೆ ನಗಾರಿ. ದ್ರಾವಿಡ ಚಳವಳಿಯ ಸಭೆಗಳಲ್ಲಿ ಅವರ ಕಂಠ ಮೊಳಗಿತು. ಅದೇ ಕಂಠ ಉರೂಸಿನ ವೇದಿಕೆಯಲ್ಲೂ ಹಾಡಿತು. ಅವರ ಭಕ್ತಿಗೀತೆಗಳನ್ನು ಮುಸ್ಲಿಮರಲ್ಲದವರೂ ಕೇಳಿದರು. 2015ರಲ್ಲಿ ಅವರು ತೀರಿಕೊಂಡರು. ಅವರ ಹಾಡನ್ನು ಹೊತ್ತದ್ದು ರಾಜನಲ್ಲ, ಜನರ ಸಭೆ ಮತ್ತು ಒಂದು ಮೈಕು.

ಕ್ಯಾಸೆಟ್ ಬಂದಾಗ

1978ರಲ್ಲಿ ‘ನಿತ್ಯೋತ್ಸವ’ ಎಂಬ ಕ್ಯಾಸೆಟ್ ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಅದನ್ನು ಗುರುತಿಸುತ್ತಾರೆ. ಕವನ ಕೆ. ಎಸ್. ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ದೇವನಹಳ್ಳಿಯಲ್ಲಿ ಹುಟ್ಟಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಒಬ್ಬ ಮುಸ್ಲಿಂ ಮೇಷ್ಟ್ರ ಸಾಲುಗಳು ಕರ್ನಾಟಕದ ಶಾಲೆ ಶಾಲೆಯ ವೇದಿಕೆಗೆ ಹೋದವು. ಪುಸ್ತಕದಲ್ಲೇ ಉಳಿದಿದ್ದರೆ ಅಷ್ಟು ಮಂದಿಯ ಬಾಯಿಗೆ ಬರುತ್ತಿತ್ತೇ ಎಂದು ಯೋಚಿಸಿ ನೋಡಿ.

ಶಿಶುನಾಳ ಶರೀಫರ ದಾರಿ ಇನ್ನೂ ಉದ್ದ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ಕಾಲದಲ್ಲಿ ಹಾಡಿನ ತಟ್ಟೆಗಳು ಈ ದೇಶಕ್ಕೆ ಬಂದಿರಲಿಲ್ಲ. ಉತ್ತರ ಕರ್ನಾಟಕದ ಹಳ್ಳಿಗರು, ಭಜನೆಯವರು ನೂರು ವರ್ಷ ಆ ಪದಗಳನ್ನು ಬಾಯಲ್ಲೇ ಹೊತ್ತರು. 1990ರಲ್ಲಿ ನಾಗಾಭರಣ ಅವರ ಸಿನಿಮಾ ಬಂದಾಗ ಸಿ. ಅಶ್ವಥ್ ಅವರ ಸಂಗೀತ ಅದನ್ನು ನಾಡಿಗೆಲ್ಲ ಹರಡಿತು.

ಆಮೇಲೆ ಮೈಸೂರಿನಲ್ಲಿ ಓದಿದ ರಘು ದೀಕ್ಷಿತ್ ಬಂದರು. ಕಾಲೇಜಿನಲ್ಲಿ ಯಾರೋ ಸವಾಲು ಹಾಕಿದರೆಂದು ಗಿಟಾರ್ ಕಲಿತವರು. ಅವರೇ ಹೇಳಿಕೊಂಡ ಹಾಗೆ ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದರೂ ಕನ್ನಡದ ಬ್ಯಾಂಡ್ ಯಾರಿಗೂ ಬೇಡವಾಗಿತ್ತು. ಕೊನೆಗೆ ಮುಂಬೈಯಲ್ಲಿ ಹಾಡುವಾಗ ಸಿನಿಮಾ ಸಂಗೀತಗಾರರಾದ ವಿಶಾಲ್ ಮತ್ತು ಶೇಖರ್ ಕೇಳಿದರು, 2008ರಲ್ಲಿ ಮೊದಲ ಆಲ್ಬಂ ಬಂತು. ಅದರಲ್ಲಿ ಶರೀಫರ ಪದಗಳಿದ್ದವು. 2010ರಲ್ಲಿ ಆ ಬ್ಯಾಂಡ್ ಬ್ರಿಟನ್ನಿನ ಟಿವಿಯಲ್ಲಿ, ಜೂಲ್ಸ್ ಹಾಲೆಂಡ್ ಅವರ ಪ್ರಸಿದ್ಧ ಕಾರ್ಯಕ್ರಮದಲ್ಲಿ ಹಾಡಿತು. ಶಿಶುನಾಳದ ಪದಕ್ಕೆ ಇಷ್ಟು ದೂರ ಹೋಗಲು ನೂರಿಪ್ಪತ್ತು ವರ್ಷ ಹಿಡಿಯಿತು. ಹೋದದ್ದು ಶರೀಫರ ಹೆಸರಿನ ಜೊತೆಗೇ. ಅವರು ಪದದೊಳಗೆ ಗುರುತು ಇಟ್ಟಿದ್ದರು, ಹಾಡಿದವರೂ ಅವರ ಹೆಸರು ಬಿಡಲಿಲ್ಲ.

ನಮ್ಮ ಹಾಡು ಎಲ್ಲಿ ಹೋಯಿತು

ಈಗ ನಮ್ಮ ಮನೆಗೆ ಬರುವ.

ನಮ್ಮಲ್ಲಿ ಹಾಡು ಇಲ್ಲದೆ ಇರಲಿಲ್ಲ. ಮದ್ರಸದಲ್ಲಿ ಅರಬಿ-ಮಲಯಾಳ ಕಲಿತ ಹಿರಿಯರು ಮಾಪಿಳ್ಳಪಾಟ್ಟು ಹಾಡುತ್ತಿದ್ದರು. ಕೊಂಡೋಟ್ಟಿಯ ಮೊಯಿನ್‌ಕುಟ್ಟಿ ವೈದ್ಯರು 1872ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ ‘ಬದರುಲ್ ಮುನೀರ್’ ಬರೆದರು. ಅದು ಇಂದಿಗೂ ಅವರ ಹೆಸರಿನಲ್ಲೇ ಇದೆ. ದಫ್ ನಮ್ಮ ಮಸೀದಿಯ ಅಂಗಳದಲ್ಲಿ, ಮೀಲಾದಿನಲ್ಲಿ, ಮದುವೆಯಲ್ಲಿ, ಐದು ವರ್ಷಕ್ಕೊಮ್ಮೆ ಬರುವ ಉಳ್ಳಾಲದ ಉರೂಸಿನಲ್ಲಿ ಮೊಳಗುತ್ತಾ ಬಂತು. ಮರದ ಬಳೆಗೆ ಬಿಗಿದ ಆಡಿನ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುವ ಹೊತ್ತಿನ ವಾಸನೆ ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ! ಕೋಲ್ಕಳಿ ಇತ್ತು. ಮದರಂಗಿಯ ರಾತ್ರಿ ಮದುಮಗಳ ಸುತ್ತ ಕುಳಿತು ಹೆಂಗಸರು ಹಾಡುವ ಹಾಡುಗಳಿದ್ದವು.

ಸರ್ಕಾರದ ಕಡೆಯಿಂದಲೂ ಬಾಗಿಲು ತೆರೆಯಿತು. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಕೆಲಸ ಶುರು ಮಾಡಿತು. ಸುವೀರನ್ ನಿರ್ದೇಶಿಸಿದ ‘ಬ್ಯಾರಿ’ ಸಿನಿಮಾ 2011ರ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಮರಾಠಿಯ ‘ದೇವುಳ್’ ಜೊತೆ ಅತ್ಯುತ್ತಮ ಚಿತ್ರದ ಗೌರವ ಹಂಚಿಕೊಂಡಿತು. ಬ್ಯಾರಿ ಬಾಸೆ ಎಂದರೆ ಏನು ಎಂದು ಕೇಳುತ್ತಿದ್ದವರು ಆ ಮೇಲೆ ಸ್ವಲ್ಪ ಕಡಿಮೆಯಾದರು.

ಆದರೆ ಮದರಂಗಿಯ ರಾತ್ರಿಯ ಹಾಡುಗಳನ್ನು ಕಟ್ಟಿದವರು ಯಾರು? ಯಾರ ಹೆಸರೂ ಇಲ್ಲ. “ಅದು ಹಿಂದಿನ ಹೆಂಗಸರದ್ದು” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಮದುವೆ ಹಾಲ್‌ಗೆ ಹೋಯಿತು, ಹಾಡುವ ಜಾಗದಲ್ಲಿ ಸ್ಪೀಕರ್ ಬಂತು, ಮದರಂಗಿ ಹಚ್ಚಲು ದುಡ್ಡು ಕೊಟ್ಟು ಕರೆಸುವವರು ಬಂದರು. ಹಾಡು ಹೊತ್ತಿದ್ದ ಬಾಯಿಗಳು ಒಂದೊಂದಾಗಿ ಮಣ್ಣಿಗೆ ಹೋದವು.

ಇದನ್ನು ಬೇರೆಯವರ ತಪ್ಪೆಂದು ಬರೆಯಲು ನನಗೆ ಬಾಯಿ ಬರುವುದಿಲ್ಲ. ನನ್ನ ಉಮ್ಮ ಹಾಡುತ್ತಿದ್ದರು. ಉಪ್ಪ ಗಲ್ಫಿನಲ್ಲಿದ್ದರು. ಆಗ ಫೋನ್ ದುಬಾರಿ. ಕಾಗದ ಬರೆಯಲು ಉಮ್ಮನಿಗೆ ಬಾರದು. ಹಾಗಾಗಿ ಉಪ್ಪ ತಂದುಕೊಟ್ಟ ಟೇಪ್ ರೆಕಾರ್ಡರಿನಲ್ಲಿ ಮಾತಾಡಿ, ಹೋಗುವವರ ಕೈಯಲ್ಲಿ ಕ್ಯಾಸೆಟ್ ಕಳುಹಿಸುತ್ತಿದ್ದೆವು. ಕರಾವಳಿಯ ಎಷ್ಟೋ ಮನೆಗಳಲ್ಲಿ ಇದು ನಡೆದದ್ದೇ. ಅದೇ ಕಾಲದಲ್ಲಿ ಎಸ್. ಎ. ಜಮೀಲ್ ಅವರ ‘ದುಬೈ ಕತ್ತ್’ ಹಾಡು ಗಲ್ಫಿನವರ ಹೆಂಡಂದಿರ ಕಣ್ಣೀರನ್ನು ಮನೆ ಮನೆಗೆ ಮುಟ್ಟಿಸಿತ್ತು. ಒಂದು ಸಲ ಮಾತು ಮುಗಿದ ಮೇಲೆ ಟೇಪ್ ಸ್ವಲ್ಪ ಉಳಿದಿತ್ತು. ಉಮ್ಮ ಬಾಗಿಲು ಹಾಕಿಸಿ, ನಾಚಿಕೊಂಡು, ತನ್ನ ಮದುವೆಯ ರಾತ್ರಿ ಹಾಡಿದ ಒಂದು ಹಾಡನ್ನು ಪೂರ್ತಿ ಹಾಡಿದರು. ಉಪ್ಪ ಮುಂದಿನ ರಜೆಗೆ ಬಂದಾಗ ಆ ಕ್ಯಾಸೆಟ್ ವಾಪಸು ಬಂತು.

ಅದರ ಮೇಲೆ ಸಿನಿಮಾ ಹಾಡು ರೆಕಾರ್ಡ್ ಮಾಡಿದ್ದು ನಾನು. ನನಗೆ ಹನ್ನೆರಡು ವರ್ಷ, ಖಾಲಿ ಕ್ಯಾಸೆಟ್‌ಗೆ ಕಾಸಿರಲಿಲ್ಲ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳಿರುತ್ತಿದ್ದವು. ಅದನ್ನು ಮುರಿದು ತೆಗೆದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಅಂಗಡಿಯಿಂದ ಬರುವ ಹಾಡಿನ ಕ್ಯಾಸೆಟ್‌ಗಳಲ್ಲಿ ಅದು ಮೊದಲೇ ಇರುತ್ತಿರಲಿಲ್ಲ. ಉಮ್ಮನ ಕ್ಯಾಸೆಟ್ಟಿನದನ್ನು ಮುರಿಯಬೇಕೆಂದು ಯಾರಿಗೂ ತೋಚಲಿಲ್ಲ. ಉಮ್ಮ ಒಂದು ಮಾತೂ ಬೈಯಲಿಲ್ಲ. “ಅದೆಂಥ ಹಾಡು ಬಿಡು” ಎಂದರು. ಈಗ ಉಮ್ಮ ಇಲ್ಲ. ಆ ಹಾಡಿನ ಮೊದಲ ಎರಡು ಸಾಲು ಬಿಟ್ಟರೆ ನನಗೆ ಬೇರೇನೂ ನೆನಪಿಲ್ಲ.

ಹುಡುಗರಿಗೆ ಹೇಳಿದ್ದು

ಎರಡ್ಮೂರು ವಾರ ಬಿಟ್ಟು ಮತ್ತೆ ಆ ಬೇಕರಿಗೆ ಹೋದೆ. ನಾನು ಹೇಳಿದ್ದು ಇಷ್ಟು.

ಒಂದು: ಇಂದು ಬಾಗಿಲು ಕಾಯುವವರು ಕಡಿಮೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಲು ಯಾರ ಅಪ್ಪಣೆಯೂ ಬೇಡ. ಆದರೆ ಎಲ್ಲರಿಗೂ ತೆರೆದಿರುವ ಬಾಗಿಲಲ್ಲಿ ನೂಕುನುಗ್ಗಲು ಜಾಸ್ತಿ. ದುಡ್ಡು ಕೊಟ್ಟು ನೋಡುವವರ ಲೆಕ್ಕ ಏರಿಸುತ್ತೇವೆ ಎನ್ನುವವರು ಬರುತ್ತಾರೆ; ಸಂಬಳದ ಹಣ ಅಲ್ಲಿ ಸುರಿಯಬೇಡಿ. ಮೊದಲು ನಮ್ಮವರ ಮದುವೆಯಲ್ಲಿ, ಮೀಲಾದಿನಲ್ಲಿ, ಹೊಸೂರು, ಕೃಷ್ಣಗಿರಿಯ ತಮಿಳು, ಉರ್ದು ನೆರೆಹೊರೆಯವರ ಎದುರು ಹಾಡಿ. ಬಾಸೆ ಗೊತ್ತಿಲ್ಲದವನೂ ತಾಳ ಹಾಕಿದರೆ ಹಾಡು ನಿಂತಿತು ಎಂದು ಲೆಕ್ಕ.

ಎರಡು: ಹೊಸ ಹಾಡು ಬರೆದವನ, ರಾಗ ಹಾಕಿದವನ ಹೆಸರನ್ನು ಮೊದಲ ದಿನವೇ ಕಾಗದದಲ್ಲಿ ಬರೆದಿಡಿ. ಸ್ನೇಹ ಇರುವಾಗಲೇ ಬರೆಯಬೇಕು. ನಮ್ಮ ಕಾನೂನಿನಲ್ಲಿ ಬರೆದವನ ಹಕ್ಕು ಅವನ ಜೀವಮಾನ ಪೂರ್ತಿ, ಆಮೇಲೆ 60 ವರ್ಷ ಇರುತ್ತದೆ. ಹಾಡು ಬರೆದವರು, ಸಂಗೀತ ಮಾಡಿದವರು ಹಾಡನ್ನು ಮಾರಿದ ಮೇಲೂ ಅವರ ರಾಯಲ್ಟಿಯ ಪಾಲು ಅವರದ್ದೇ ಎಂದು 2012ರ ತಿದ್ದುಪಡಿ ಹೇಳಿತು. ಅದನ್ನು ವಸೂಲು ಮಾಡಿ ಹಂಚಲು 1969ರಲ್ಲಿ ಹುಟ್ಟಿದ ಐಪಿಆರ್‌ಎಸ್ ಎಂಬ ಸೊಸೈಟಿ ಇದೆ. ಹಾಡು ಕಟ್ಟುವವರು ಅದರ ಸದಸ್ಯರಾಗಬಹುದು.

ಮೂರು: ಹಳೆಯ ಹಾಡು ಎತ್ತಿಕೊಳ್ಳುವುದಾದರೆ ಯಾರಿಂದ ಕಲಿತಿರಿ ಎಂದು ಹೇಳದೆ ಹಾಡಬೇಡಿ. ಹೆಸರು ಹೊರಗೆ ಬರುವುದು ಬೇಡ ಎಂದು ಆ ಮನೆಯವರು ಹೇಳಿದರೆ ಅದನ್ನೂ ಗೌರವಿಸಿ. ಮನೆಯ ಪುಸ್ತಕದಲ್ಲಾದರೂ ಬರೆದಿಡಿ. ಗೌಹರ್ ಜಾನ್ ಹೆಸರು ಹೇಳಿದ್ದು ಎರಡು ಸೆಕೆಂಡಿನ ಮಾತು. ನೂರು ವರ್ಷವಾದರೂ ಅಳಿಸಲಿಲ್ಲ.

ಬ್ಯಾಂಡ್ ಇನ್ನೂ ಆಗಿಲ್ಲ. ಕೀಬೋರ್ಡಿನ ಎರಡು ಕೀ ಕೆಲಸ ಮಾಡುವುದಿಲ್ಲ, ರಜೆ ಮೂವರಿಗೂ ಒಂದೇ ದಿನ ಸಿಗುವುದಿಲ್ಲ. ಆದರೆ ಕಳೆದ ಸಲ ಹೋದಾಗ ಅವರಲ್ಲಿ ಒಬ್ಬ ಮೊಬೈಲ್ ಕೈಗೆ ಕೊಟ್ಟು, “ಕೇಳಿ ಇಚ್ಚಾ” ಎಂದ. ಊರಿಗೆ ಹೋಗಿದ್ದಾಗ ಅಡುಗೆಮನೆಯಲ್ಲಿ ತನ್ನ ಉಮ್ಮ ಹಾಡಿದ್ದನ್ನು ಹಿಡಿದಿದ್ದ. ಹಿಂದೆ ಕುಕ್ಕರ್ ಕೂಗುತ್ತಿದೆ, ಮಗು ಅಳುತ್ತಿದೆ. ಹಾಡು ಮುಗಿದ ಮೇಲೆ ಇವನ ಸ್ವರ: “ಉಮ್ಮಾ, ಹೆಸರು ಹೇಳಿ.” ಅವರು ನಗುತ್ತಾರೆ. “ನನ್ನ ಹೆಸರು ಎಂಥಕ್ಕೆ ಮಾರಾಯ?” ಎನ್ನುತ್ತಾರೆ. ಸ್ವಲ್ಪ ಹೊತ್ತು ಕುಕ್ಕರಿನ ಸದ್ದು ಮಾತ್ರ.

ಆಮೇಲೆ ಅವರು ತಮ್ಮ ಹೆಸರು ಹೇಳುತ್ತಾರೆ. ತಾಯಿಯ ಹೆಸರನ್ನೂ ಸೇರಿಸುತ್ತಾರೆ, ಹಾಡು ಕಲಿಸಿದ್ದು ಅವರೇ ಎಂದು.